ಏಣಿ, ದೋಟಿ ಮತ್ತು ಕ್ಲೋರಿನ್

ಆ ಭಾನುವಾರ ಮಧ್ಯಾಹ್ನ ಶಕ್ತಿನಗರದ ನಮ್ಮ ಮನೆಯ ಚಾವಡಿಯಲ್ಲಿ ಇದ್ದವರು ಮೂರೇ ಜನ. ಕುರ್ಚಿಯಲ್ಲಿ ಕಾಲು ಚಾಚಿಕೊಂಡು ನನ್ನ ಅಮ್ಮ. ಎಂಬತ್ತೆರಡು ವರ್ಷ, ನಾಲ್ಕನೇ ಕ್ಲಾಸು, ಕಿವಿ ಮಾತ್ರ ಭಾರೀ ಚುರುಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ನನ್ನ ಅಕ್ಕನ ಮಗಳು ನಿಶ್ಮಿತಾ. ಇಪ್ಪತ್ತೇಳು ವರ್ಷ, ರಸಾಯನಶಾಸ್ತ್ರದಲ್ಲಿ ಎಂಎಸ್ಸಿ, ಅದರ ಮೇಲೆ ಬಿಎಡ್. ಬಾಗಿಲ ಹತ್ತಿರ ನಾನು. ನನ್ನ ವಯಸ್ಸು ಕೇಳಬೇಡಿ, ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಬಂದ ಮಾರ್ಕನ್ನಂತೂ ಕೇಳಲೇಬೇಡಿ. ನಮ್ಮ ಮೂವರ ನಡುವೆ ಅಟ್ಟದಿಂದ ಇಳಿಸಿದ ಚೆನ್ನೆಮಣೆ. ಎರಡು ಸಾಲಿನಲ್ಲಿ ಏಳೇಳು ಗುಳಿಗಳಿರುವ ಮರದ ಹಲಗೆ ಅದು. ಗುಳಿಗಳಲ್ಲಿ ಕೆಂಪು ಮಂಜೊಟ್ಟಿ ಬೀಜ ಹಾಕಿ ಆಡುವ ನಮ್ಮ ಊರಿನ ಹಳೇ ಆಟ.

ಇದೆಲ್ಲ ಈಗ ನೆನಪಾದದ್ದು ಇವತ್ತು ಬೆಳಿಗ್ಗೆ ಫ್ರಿಜ್ಜಿನ ಅಡಿಗೆ ಹಿಡಿಸೂಡಿ ಹಾಕಿದಾಗ ಅಂಥದ್ದೇ ಒಂದು ಬೀಜ ಉರುಳಿಕೊಂಡು ಬಂದದ್ದರಿಂದ. ನೀವಾದರೆ ಅದನ್ನು ಬೀಜ ಎನ್ನುತ್ತೀರಿ. ನಮ್ಮ ಮನೆಯಲ್ಲಿ ಅದಕ್ಕೆ ಇಲೆಕ್ಟ್ರಾನು ಎಂದು ಹೆಸರು.

ನಿಶ್ಮಿತಾಗೆ ಟೀಚರಾಗುವ ಹುಚ್ಚು ಸಣ್ಣದರಿಂದಲೇ. ಆರು ವರ್ಷದವಳಿದ್ದಾಗ ಹಿತ್ತಲಿನ ಬಸಳೆ ಚಪ್ಪರದ ಕಂಬಗಳಿಗೆ ಒಂದೊಂದು ಹೆಸರಿಟ್ಟು ಮಗ್ಗಿ ಹೇಳಿಕೊಡುತ್ತಿದ್ದಳು, ಪರೀಕ್ಷೆ ಮಾಡುತ್ತಿದ್ದಳು, ಮಾರ್ಕು ಹಾಕುತ್ತಿದ್ದಳು. ಮೂರನೇ ಕಂಬ ಕೊನೆಯವರೆಗೂ ಪಾಸಾಗಲಿಲ್ಲ. ಇಷ್ಟು ಹುಚ್ಚಿದ್ದವಳು ಓದು ಮುಗಿಸಿ ಮೂರು ವರ್ಷವಾದರೂ ಮನೆಯಲ್ಲೇ ಟ್ಯೂಷನ್ ಹೇಳಿಕೊಂಡಿದ್ದಳು. ಕೆಲಸ ಕೊಡುವ ಮೊದಲು ಶಾಲೆಯವರು ಮಕ್ಕಳ ಎದುರಿಗೆ ಒಂದು ಪಾಠ ಮಾಡಿಸಿ ನೋಡುತ್ತಾರಲ್ಲ, ಡೆಮೋ ಅಂತ, ಅದರಲ್ಲಿ ಎರಡು ಸಲ ಬಿದ್ದಿದ್ದಳು. ಮೊದಲ ಸಲ ಇಪ್ಪತ್ತು ನಿಮಿಷದ ಪಾಠವನ್ನು ಏಳು ನಿಮಿಷದಲ್ಲಿ ಮುಗಿಸಿ, ಉಳಿದ ಹದಿಮೂರು ನಿಮಿಷ ಮಕ್ಕಳ ಮುಖ ನೋಡಿ ನಿಂತಳು. ಎರಡನೇ ಸಲ ಕಂಪ್ಯೂಟರಿನಲ್ಲಿ ನಲವತ್ತು ಚಿತ್ರ ತೋರಿಸಿದಳು. ಹಿಂದಿನ ಬೆಂಚು ನಿದ್ದೆ ಹೋಯಿತು, ಪರೀಕ್ಷೆ ಮಾಡಲು ಕೂತವರಲ್ಲಿ ಒಬ್ಬರಿಗೂ ನಿದ್ದೆ ಹತ್ತಿತು. "ನಿಮಗೆ ವಿಷಯ ಗೊತ್ತುಂಟು. ಎದುರಿಗೆ ಮಕ್ಕಳಿದ್ದಾರೆ ಅಂತ ಗೊತ್ತಿಲ್ಲ" ಎಂದರಂತೆ ಎಚ್ಚರ ಇದ್ದವರು.

ಮರುದಿನ ಸೋಮವಾರ ಹತ್ತು ಗಂಟೆಗೆ ಬಲ್ಮಠದ ಒಂದು ಹೈಸ್ಕೂಲಿನಲ್ಲಿ ಮೂರನೇ ಡೆಮೋ. ಕನ್ನಡ ಮೀಡಿಯಂ, ಹತ್ತನೇ ಕ್ಲಾಸು. ಅವರೇ ಕೊಟ್ಟ ಪಾಠ: ರಾಸಾಯನಿಕ ಬಂಧ. ಅಂದರೆ ಪರಮಾಣುಗಳು ಒಂದಕ್ಕೊಂದು ಹೇಗೆ ಕಟ್ಟಿಕೊಂಡಿರುತ್ತವೆ ಎಂಬ ವಿಚಾರ. ಇದೂ ಆಗದಿದ್ದರೆ ದುಬೈಯಲ್ಲಿರುವ ಅವಳ ಅಣ್ಣ ನೋಡಿಟ್ಟ ಯಾವುದೋ ಆಫೀಸಿನ ಕೆಲಸಕ್ಕೆ ಹೋಗುವುದೆಂದು ಅವಳೇ ತೀರ್ಮಾನಿಸಿದ್ದಳು. ಅಲ್ಲಿ ದಿನವಿಡೀ ಪೈಪುಗಳ ಪಟ್ಟಿ ಟೈಪು ಮಾಡಬೇಕಂತೆ.

"ಅಜ್ಜಿಗೆ ಅರ್ಥ ಆದ್ರೆ ಯಾರಿಗೂ ಅರ್ಥ ಆಗ್ತದೆ" ಎಂದಳು ನಿಶ್ಮಿತಾ.

"ಅಂದ್ರೆ ಲೋಕದಲ್ಲಿ ನನ್ನಷ್ಟು ದಡ್ಡಿ ಬೇರೆ ಇಲ್ಲ ಅಂತ ನಿನ್ನ ಲೆಕ್ಕ, ಅಲ್ವಾ?" ಎಂದರು ಅಮ್ಮ.

ನಮ್ಮ ಮನೆಮಾತು ತುಳು. ಆದರೆ ಪಾಠ ಕನ್ನಡದಲ್ಲಿ ಆಗಬೇಕಿದ್ದರಿಂದ ಆ ಮಧ್ಯಾಹ್ನದ ಮಟ್ಟಿಗೆ ಎಲ್ಲರೂ ಕನ್ನಡವನ್ನೇ ಮಾತಾಡಬೇಕೆಂದು ಅವಳ ಕಟ್ಟಪ್ಪಣೆ. ಅಮ್ಮ ಕನ್ನಡ ಕಲಿತದ್ದು ಯಕ್ಷಗಾನ ನೋಡಿ ನೋಡಿ. ನಾನು ಕಲಿತದ್ದು ಅಮ್ಮನಿಂದ. ಹಾಗಾಗಿ ಸಿಟ್ಟು ಬಂದರೆ ನಾವಿಬ್ಬರೂ ಕಿರೀಟ ಕಟ್ಟಿಕೊಂಡವರ ಹಾಗೆ ಮಾತಾಡುತ್ತೇವೆ. ಒಮ್ಮೆ ಸಿಟಿ ಬಸ್ಸಿನವನು ನಮ್ಮ ಸ್ಟಾಪಿನಲ್ಲಿ ನಿಲ್ಲಿಸದೆ ಮುಂದೆ ಹೋದಾಗ ಅಮ್ಮ ಎದ್ದು ನಿಂತು, "ಎಲವೋ ದುರುಳಾ, ನಿಲ್ಲಿಸು ನಿನ್ನ ರಥವನ್ನು!" ಎಂದಿದ್ದರು. ಬಸ್ಸು ನಿಂತಿತು. ಕಂಡಕ್ಟರು ಕೈ ಹಿಡಿದು ಇಳಿಸಿದ.

ಪಾಠಕ್ಕೆ ಮೊದಲ ಅಡ್ಡಿ ಹಲಗೆಯ ವಿಷಯದಲ್ಲೇ ಬಂತು. ಚೆನ್ನೆಮಣೆಯನ್ನು ಜೋರು ಮಳೆಯ ಆಟಿ ತಿಂಗಳಲ್ಲಿ ಮಾತ್ರ ಇಳಿಸಬೇಕೆಂದು ಹಿರಿಯರ ಕ್ರಮ. ಅದು ಬರಲು ಇನ್ನೂ ಒಂದೂವರೆ ತಿಂಗಳಿತ್ತು.

"ಇದು ಆಟ ಅಲ್ಲ ಅಜ್ಜಿ, ವಿಜ್ಞಾನ."

"ಹಾಗಾದ್ರೆ ಅಡ್ಡಿಯಿಲ್ಲ" ಎಂದು ಅಮ್ಮ ಕುರ್ಚಿಯನ್ನು ಹಲಗೆಯ ಹತ್ತಿರ ಎಳೆದುಕೊಂಡ ರೀತಿ ನೋಡಿಯೇ ನನಗೆ ಸಂಶಯ ಬರಬೇಕಿತ್ತು. ಚೆನ್ನೆಯಲ್ಲಿ ಅವರನ್ನು ಸೋಲಿಸಿದವರು ನಮ್ಮ ಕುಟುಂಬದಲ್ಲಿ ಯಾರೂ ಇಲ್ಲ.

ನಾನೂ ಒಂದು ಮಾತು ಸೇರಿಸಿದೆ. ಕುಲಶೇಖರದಲ್ಲಿ ಮೂವತ್ತು ವರ್ಷ ಹಾರ್ಡ್‌ವೇರ್ ಅಂಗಡಿ ಇಟ್ಟವ ನಾನು. "ಬಂಧ ಅಂದ್ರೆ ನನ್ನ ಹತ್ತಿರ ಕೇಳು. ಮರಕ್ಕೆ ಬಿಳಿ ಗಮ್ಮು, ಕಬ್ಬಿಣಕ್ಕೆ ವೆಲ್ಡಿಂಗು, ಗೋಡೆಗೆ ಮೊಳೆ..."

"ಮಾವ, ನೀವು ಹೇಳುವುದು ಎರಡು ವಸ್ತು ಹೇಗೆ ಅಂಟ್ತದೆ ಅಂತ. ನಾನು ಹೇಳುವುದು ಒಂದು ವಸ್ತು ಯಾಕೆ ಉದುರಿ ಹೋಗದೆ ವಸ್ತುವಾಗಿಯೇ ಉಂಟು ಅಂತ."

ಮೂವತ್ತು ವರ್ಷದಲ್ಲಿ ಒಬ್ಬ ಗಿರಾಕಿಯೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ನಾನು ಸುಮ್ಮನಾದೆ. ಶಾಲೆಯಲ್ಲೂ ಹೀಗೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಉಪ್ಪಿನ ಹರಳು ಏಕೆ ಗಟ್ಟಿ ಎಂದು ಮಾಸ್ಟ್ರು ಕೇಳಿದಾಗ "ಈಗ ಮಳೆಗಾಲ ಅಲ್ಲ ಸಾರ್" ಎಂದವ ನಾನು. ಜೂನಿನಿಂದ ಸೆಪ್ಟೆಂಬರಿನವರೆಗೆ ಭರಣಿಯ ಉಪ್ಪು ನೀರೊಡೆದು ಕೂರುವ ಊರಿನಲ್ಲಿ ಅದು ತಪ್ಪು ಉತ್ತರ ಹೇಗಾಯಿತೋ ನನಗೆ ಇವತ್ತಿಗೂ ತಿಳಿಯದು.

ಅವಳು ಒಂದು ಗುಳಿಗೆ ಒಂದೇ ಬೀಜ ಹಾಕಿ "ಇದು ಸೋಡಿಯಂ" ಎಂದಳು. ಇನ್ನೊಂದಕ್ಕೆ ಏಳು ಹಾಕಿ "ಇದು ಕ್ಲೋರಿನ್" ಎಂದಳು. "ಬೀಜ ಅಂದ್ರೆ ಇಲೆಕ್ಟ್ರಾನು. ಹೊರಗಿನ ಸುತ್ತಿನಲ್ಲಿ ಎಂಟು ಇದ್ರೆ ಇವಕ್ಕೆ ನೆಮ್ಮದಿ. ಕ್ಲೋರಿನ್ನಿಗೆ ಒಂದು ಕಮ್ಮಿ. ಸೋಡಿಯಮ್ಮಿಗೆ ಆ ಒಂದು ಹೋದ್ರೆ ಅದರ ಒಳಗಿನ ಸುತ್ತಿನಲ್ಲಿ ಎಂಟು ತಯಾರುಂಟು. ಹಾಗಾಗಿ ಇದು ಕೊಡ್ತದೆ, ಅದು ತಕ್ಕೊಳ್ತದೆ. ಅದೇ ಉಪ್ಪು."

ಅಮ್ಮನಿಗೆ ಇದು ಬಹಳ ಹಿಡಿಸಿತು. ಒಂಟಿ ಬೀಜ ಎದುರಾಳಿಯ ಕೈಗೆ ಹೋಗುವುದು ಅವರು ಎಂಬತ್ತು ವರ್ಷದಿಂದ ನೋಡಿದ ನ್ಯಾಯ. ಆದರೆ ಒಂದು ಸಂಶಯ.

"ಬೀಜ ಹೋದವ ಆಮೇಲೆಯೂ ಅಲ್ಲೇ ಯಾಕೆ ನಿಂತಿದ್ದಾನೆ? ಎದ್ದು ಮನೆಗೆ ಹೋಗ್ಬಾರ್ದಾ?"

"ಕೊಟ್ಟವ ಪ್ಲಸ್ ಆದ, ತಕ್ಕೊಂಡವ ಮೈನಸ್ ಆದ. ಪ್ಲಸ್ಸಿಗೂ ಮೈನಸ್ಸಿಗೂ ಸೆಳೆತ ಉಂಟಲ್ಲ ಅಜ್ಜಿ. ಬಿಟ್ಟು ಹೋಗ್ಲಿಕ್ಕೆ ಆಗುವುದಿಲ್ಲ."

"ಸೆಳೆತ ಎಂತದ್ದೂ ಅಲ್ಲ. ವಾಪಸು ಸಿಗ್ತದಾ ಅಂತ ಕಾಯ್ತಾ ಇದ್ದಾನೆ."

ನಗಬೇಡಿ. ಅಮ್ಮನ ಮಾತಿನಲ್ಲಿ ಸತ್ಯ ಉಂಟು. ಎರಡು ಮಳೆಗಾಲದ ಹಿಂದೆ ಗೆಳೆಯ ಮೋನಪ್ಪನಿಗೆ ನನ್ನ ಬೆತ್ತದ ಹಿಡಿಯ ಕೊಡೆ ಕೊಟ್ಟಿದ್ದೆ. ಅಂದಿನಿಂದ ವಾರಕ್ಕೆರಡು ಸಲ ಅವನ ಮನೆಗೆ ಹೋಗುತ್ತಿದ್ದೇನೆ. ಕೊಡೆ ಬಾಗಿಲ ಹಿಂದೆ ನೇತಾಡುವುದು ನನಗೆ ಕಾಣುತ್ತದೆ. ನಾನು ನೋಡಿದ್ದು ಅವನಿಗೂ ಕಾಣುತ್ತದೆ. ಕೇಳಲು ನನಗೆ ನಾಚಿಕೆ, ಕೊಡಲು ಅವನಿಗೆ ಮರೆವು. ಚಾ ಕುಡಿದು, ಎಲ್ಲರ ಸುದ್ದಿ ಮಾತಾಡಿ, ನೆನೆದುಕೊಂಡು ಮನೆಗೆ ಬರುತ್ತೇನೆ. ಅದಕ್ಕೆ ಮೊದಲು ನಮ್ಮದು ಬರೀ ದಾರಿಯಲ್ಲಿ ಸಿಕ್ಕಿದರೆ ತಲೆಯಾಡಿಸುವ ಪರಿಚಯ. ಕೊಡೆ ದಾಟಿದ ಮೇಲೆಯೇ ಅದು ಇಷ್ಟು ಗಟ್ಟಿಯಾದದ್ದು.

ಇನ್ನು ಎರಡನೆಯ ಬಂಧ. ನಿಶ್ಮಿತಾ ಎರಡು ಗುಳಿಗಳಿಗೂ ಏಳೇಳು ಬೀಜ ಹಾಕಿದಳು. "ಇಲ್ಲಿ ಇಬ್ಬರಿಗೂ ಒಂದೊಂದು ಕಮ್ಮಿ. ಯಾರೂ ಕೊಡುವ ಹಾಗಿಲ್ಲ. ಹಾಗಾಗಿ ಇಬ್ಬರೂ ಒಂದೊಂದು ಹಾಕಿ ಒಟ್ಟಿಗೆ ಇಟ್ಟುಕೊಳ್ತಾರೆ. ಇದು ಒಂದು ಮದುವೆಯ ಹಾಗೆ." ಬಂಧಕ್ಕೆ ಮದುವೆಯ ಉದಾಹರಣೆ ಕೊಟ್ಟರೆ ಮಕ್ಕಳಿಗೆ ಬೇಗ ಹಿಡಿಯುತ್ತದೆಂದು ಬಿಎಡ್ಡಿನಲ್ಲಿ ಯಾರೋ ಹೇಳಿಕೊಟ್ಟಿದ್ದರಂತೆ.

ಮದುವೆ ಎಂದ ಕೂಡಲೇ ಅಮ್ಮ ನೆಟ್ಟಗೆ ಕೂತರು. "ಹುಡುಗ ಯಾರು?"

"ಕ್ಲೋರಿನ್."

"ಹುಡುಗಿ?"

"ಅದೂ ಕ್ಲೋರಿನ್."

"ಒಂದೇ ಬರಿಯವರಾ!"

ತುಳುನಾಡಿನ ಹೊರಗಿನವರಿಗೆ ಇಲ್ಲಿ ಒಂದು ವಿವರಣೆ ಬೇಕು. ಬರಿ ಎಂದರೆ ನಮ್ಮಲ್ಲಿ ವಂಶದ ಹೆಸರು. ಗೋತ್ರದಂತೆಯೇ, ಆದರೆ ತಾಯಿಯಿಂದ ಮಕ್ಕಳಿಗೆ ಬರುವಂಥದ್ದು. ಒಂದೇ ಬರಿಯವರೆಂದರೆ ಅಣ್ಣ ತಂಗಿ ಲೆಕ್ಕ. ಒಬ್ಬರು ಮುಂಬೈಯಲ್ಲಿ ಹುಟ್ಟಿ ಇನ್ನೊಬ್ಬರು ಮಸ್ಕತ್ತಿನಲ್ಲಿ ಹುಟ್ಟಿದರೂ ಮದುವೆಯ ಮಾತೆತ್ತುವ ಹಾಗಿಲ್ಲ. ಜಾತಕ, ಕೆಲಸ, ಬಣ್ಣ ಎಲ್ಲ ನೋಡುವ ಮೊದಲು ನಮ್ಮ ಅಮ್ಮಂದಿರು ಕೇಳುವುದು ಬರಿ ಯಾವುದು ಅಂತ.

"ಅಜ್ಜಿ, ಇದು ಪರಮಾಣು. ಇದಕ್ಕೆ ಬರಿ ಇಲ್ಲ."

"ಹೆಸರೇ ಒಂದು ಅಂದ ಮೇಲೆ ಬರಿ ಹೇಗೆ ಬೇರೆ ಆಗ್ತದೆ? ಬೇರೆ ಯಾರನ್ನಾದ್ರೂ ನೋಡು."

"ಹೈಡ್ರೋಜನ್ನೂ ಹಾಗೇ, ಹೈಡ್ರೋಜನ್ನಿನ ಜೊತೆಗೇ. ಆಮ್ಲಜನಕವೂ ಹಾಗೇ. ನಾವು ಉಸಿರಾಡುವುದೇ ಅದನ್ನು."

ಅಮ್ಮ ಒಂದು ಕ್ಷಣ ಉಸಿರು ಹಿಡಿದರು. ಅದು ಸಾಧ್ಯವಿಲ್ಲವೆಂದು ಗೊತ್ತಾದಾಗ ಬಿಟ್ಟು ಹೇಳಿದರು: "ನನಗಾದ್ರೆ ವಯಸ್ಸಾಯ್ತು, ಹೋಗ್ಲಿ. ನಾಳೆ ಕ್ಲಾಸಿನಲ್ಲಿ ಅರ್ಧ ಮಕ್ಕಳು ನಮ್ಮವರೇ ಇರ್ತಾರೆ. ಒಂದು ಹುಡುಗಿ ಎದ್ದು ನಿಂತು 'ಮಿಸ್, ಅವರು ಒಂದೇ ಬರಿ ಅಲ್ವಾ' ಅಂದ್ರೆ ಎಂತ ಹೇಳ್ತಿ?"

ನಿಶ್ಮಿತಾಳ ಮುಖ ಬಿಳಿಚಿತು. ಅವಳಿಗೆ ಆ ಹುಡುಗಿ ಎದುರಿಗೆ ಕಂಡಿರಬೇಕು. ಕ್ಲಾಸಿಡೀ ನಗುವುದು ಕೇಳಿಸಿರಬೇಕು. ಪುಸ್ತಕ ತೆಗೆದು ಬೇರೆ ಉದಾಹರಣೆ ಹುಡುಕತೊಡಗಿದಳು. ಅವಳು ಪುಟ ಮಗುಚಿ ತಲೆಯೆತ್ತುವಷ್ಟರಲ್ಲಿ ಹಲಗೆ ಖಾಲಿ. ಎರಡೂ ಕ್ಲೋರಿನ್ನುಗಳ ಬೀಜ ಅಮ್ಮನ ಸೆರಗಿನಲ್ಲಿ.

"ಅಜ್ಜೀ! ಎಂತ ಮಾಡಿದ್ದು?"

"ಒಂದು ಸುತ್ತು ಬಿಟ್ಟು ನೋಡಿದೆ ಮಾರಾಯ್ತಿ. ಎಲ್ಲ ನನಗೇ ಬಂತು. ಚೆನ್ನೆಯಲ್ಲಿ ಒಟ್ಟಿಗೆ ಇಟ್ಟುಕೊಳ್ಳುವ ಕ್ರಮವೇ ಇಲ್ಲ."

ಬೀಜ ಕಿತ್ತುಕೊಳ್ಳುವ ಗಡಿಬಿಡಿಯಲ್ಲಿ ಒಂದೆರಡು ಉರುಳಿ ಎಲ್ಲಿಗೋ ಹೋದವು. ನಿಶ್ಮಿತಾ ಪುಸ್ತಕವನ್ನು ನೆಲಕ್ಕೆ ಕುಕ್ಕಿದಳು. "ನಾನು ದುಬೈಗೇ ಹೋಗ್ತೇನೆ. ಪೈಪಿನ ಪಟ್ಟಿಗೆ ಯಾರೂ ಬರಿ ಕೇಳುವುದಿಲ್ಲ." ಹೇಳಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಕೂತಳು. ಅಮ್ಮ ಸೆರಗಿನ ಬೀಜಗಳನ್ನು ಒಂದೊಂದಾಗಿ ಗುಳಿಗೆ ಹಾಕುತ್ತ ಕೂತರು. ಗೆದ್ದದ್ದನ್ನು ಅವರು ವಾಪಸು ಹಾಕಿದ್ದು ನಾನು ನೋಡಿದ್ದು ಅದೇ ಮೊದಲು.

ಆಗ ಹೊರಗಿನಿಂದ ದನಿ ಕೇಳಿತು. "ಸದಾನಂದಣ್ಣಾ! ನಮ್ಮ ಏಣಿ ಎಲ್ಲಿ?"

ಪಕ್ಕದ ಮನೆಯ ಕೊಂಕಣಿ ಮಾತಿನ ಲಿಲ್ಲಿ ಬಾಯಿ. ಬಾಯಿ ಎಂದರೆ ಅವರಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ಅವರ ಮನೆಗೂ ನಮ್ಮ ಮನೆಗೂ ನಡುವೆ ಸೊಂಟದೆತ್ತರದ ಒಂದು ಕಂಪೌಂಡು ಗೋಡೆ. ಆ ಗೋಡೆಗೆ ಒರಗಿಸಿ ಒಂದು ಏಣಿಯೂ ಒಂದು ದೋಟಿಯೂ ಇರುತ್ತವೆ. ದೋಟಿ ಎಂದರೆ ಮಾವಿನಕಾಯಿ ಕೀಳುವ ಉದ್ದದ ಕೊಕ್ಕೆಕೋಲು. ಏಣಿ ನಮ್ಮದು, ನನ್ನದೇ ಅಂಗಡಿಯಿಂದ ನಾನೇ ಹೊತ್ತು ತಂದದ್ದು. ಅದಕ್ಕೇ ನನಗೆ ಸ್ವಲ್ಪ ಉರಿಯಿತು.

"ನಮ್ಮ ಏಣಿ ಹಿತ್ತಲಿನಲ್ಲಿ ಉಂಟು ಬಾಯಿ."

"ಅದೇ, ನಮ್ಮ ಏಣಿ."

"ನಮ್ಮದು ಅಂದ್ರೆ ನಮ್ಮದು. ನಿಮ್ಮದು ದೋಟಿ."

"ಅರೆ! ಮೊನ್ನೆ ನಿಮ್ಮ ನೆಂಟರು ಬಂದಾಗ 'ನಮ್ಮಲ್ಲಿ ದೋಟಿ ಉಂಟು, ಬೇಕಾದಷ್ಟು ಮಾವಿನಕಾಯಿ ಕೊಯ್ಯಿ' ಅಂದದ್ದು ಯಾರು? ನಾನು ಕಿಟಕಿಯಲ್ಲೇ ಇದ್ದೆ."

ಹೇಳಿದ್ದು ನಾನೇ. ಮಾವಿನಮರವೂ ಅವರದ್ದೇ. ಕಿರೀಟದ ಭಾಷೆಯಲ್ಲಿ ಏನಾದರೂ ಹೇಳಿ ಪಾರಾಗೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಒಳಗಿನಿಂದಲೇ ತೀರ್ಪು ಕೊಟ್ಟರು. "ಸುಮ್ನಿರು ಸದಾ. ಏಣಿ ಎಷ್ಟುಂಟು ಅಂತ ಲಿಲ್ಲಿ ಬಾಯಿಯ ಹತ್ತಿರ ಕೇಳಿದ್ರೆ ಒಂದು ಅಂತಾರೆ. ನಮ್ಮ ಹತ್ತಿರ ಕೇಳಿದ್ರೆ ನಾವೂ ಒಂದು ಅಂತೇವೆ. ದೋಟಿಯೂ ಹಾಗೇ. ಇರುವುದು ಎರಡೇ ಸಾಮಾನು. ಆದ್ರೆ ಎರಡು ಮನೆಯಲ್ಲೂ ಎರಡೆರಡು ಉಂಟು. ಯಾರಿಗೆ ಕಮ್ಮಿಯಾಯ್ತು?"

ನಿಶ್ಮಿತಾ ಎದ್ದು ನಿಂತಳು. "ಅಜ್ಜಿ, ಇನ್ನೊಮ್ಮೆ ಹೇಳಿ."

"ಎಂತ ಹೇಳುವುದು? ಇರುವುದು ಎರಡು, ಲೆಕ್ಕಕ್ಕೆ ನಾಲ್ಕು."

"ಅದೇ ಅಜ್ಜಿ, ಅದೇ! ಏಳು ನಮ್ಮಲ್ಲಿ, ಏಳು ಅವರಲ್ಲಿ. ನಾವೊಂದು ಗೋಡೆಗೆ ಒರಗಿಸಿದೆವು, ಅವರೊಂದು ಒರಗಿಸಿದ್ರು. ಒರಗಿಸಿದ ಎರಡನ್ನೂ ಎರಡು ಮನೆಯವರೂ ಎಣಿಸಿಕೊಂಡ್ರೆ ಇಬ್ಬರಿಗೂ ಎಂಟೆಂಟು! ಮದುವೆ ಬೇಡ, ನೆರೆಮನೆ ಸಾಕು!"

"ನೆರೆಮನೆಗೆ ಒಂದೇ ಬರಿಯಾದ್ರೂ ಅಡ್ಡಿಯಿಲ್ಲ" ಎಂದು ಅಮ್ಮ ಕ್ಲೋರಿನ್ನಿಗೆ ಒಪ್ಪಿಗೆ ಕೊಟ್ಟರು. ಆಮ್ಲಜನಕಕ್ಕೂ ಆಯಿತು. ಮನೆಯಲ್ಲಿ ಎಲ್ಲರೂ ನಿಶ್ಚಿಂತೆಯಿಂದ ಉಸಿರಾಡಿದೆವು.

ಲಿಲ್ಲಿ ಬಾಯಿ ಏಣಿಗೆಂದು ಬಂದವರು ಪಾಠಕ್ಕೆ ಕೂತರು. ಅಟ್ಟದಿಂದ ಗೇರುಬೀಜ ಇಳಿಸಿ ಹುರಿಯುವ ಅವರ ಕೆಲಸ ಅಲ್ಲಿಗೆ ನಿಂತಿತು. ಎರಡು ಬೇರೆ ಬೇರೆ ಪರಮಾಣುಗಳು ಹೀಗೆ ಹಂಚಿಕೊಂಡರೆ, ಎಳೆಯುವ ಶಕ್ತಿ ಹೆಚ್ಚಿದ್ದವನ ಕಡೆಗೆ ಇಲೆಕ್ಟ್ರಾನು ಸ್ವಲ್ಪ ವಾಲಿಕೊಂಡಿರುತ್ತದೆ, ನೀರಿನಲ್ಲಿ ಹಾಗೇ ಇರುವುದು ಎಂದು ನಿಶ್ಮಿತಾ ಹೇಳಿದಾಗ ಬಾಯಿ ತೊಡೆ ತಟ್ಟಿದರು. "ಓ ಸಾಯ್ಬಾ, ನನ್ನ ದೇವರೇ, ನಾನು ಅದೇ ಹೇಳುವುದು! ಹಂಚಿಕೊಂಡದ್ದು ಹೌದು, ಆದ್ರೆ ಏಣಿ ಯಾವಾಗ ನೋಡಿದ್ರೂ ನಿಮ್ಮ ಬದಿಗೇ!"

ಹಾಗೆ ವಾಲಿದ್ದರಿಂದಲೇ ಒಂದು ನೀರಿನ ಕಣಕ್ಕೂ ಇನ್ನೊಂದಕ್ಕೂ ನಡುವೆ ಸಣ್ಣದೊಂದು ಸೆಳೆತ ಹುಟ್ಟುತ್ತದಂತೆ. ಹೈಡ್ರೋಜನ್ ಬಂಧ ಅಂತ ಹೆಸರು. ಒಂದೊಂದೇ ನೋಡಿದರೆ ಬಹಳ ಬಲಹೀನ. ಬೆಳಿಗ್ಗೆ ಅಮ್ಮ ಗೋಡೆಯ ಈಚೆಯಿಂದ "ಎಂತ ಮೀನು ಇವತ್ತು?" ಎಂದು ಕೇಳುವಷ್ಟೇ. ಬಾಯಿ "ಬಂಗುಡೆ" ಎನ್ನುತ್ತಾರೆ, ಮುಗಿಯಿತು. ಅದರಿಂದ ಯಾರ ಸಾರೂ ರುಚಿಯಾಗುವುದಿಲ್ಲ. ಆದರೆ ಅಂಥ ಸಣ್ಣ ಸೆಳೆತ ಲೆಕ್ಕವಿಲ್ಲದಷ್ಟು ಇರುವುದರಿಂದಲೇ ನೀರು ಗಾಳಿಯಾಗಿ ಹಾರಿಹೋಗದೆ ಬಾವಿಯಲ್ಲಿ ನಿಂತಿದೆ ಎಂದಳು ನಿಶ್ಮಿತಾ. ಒಂದು ದಿನ ಅಮ್ಮ ಮೀನು ಕೇಳದಿದ್ದರೆ ಲಿಲ್ಲಿ ಬಾಯಿ ಅಮ್ಮನಿಗೆ ಜ್ವರವೇ ಎಂದು ವಿಚಾರಿಸಲು ಬರುವುದು ನನಗೆ ನೆನಪಾಯಿತು.

ಉಳಿದದ್ದು ಲೋಹ. ಅಲ್ಲಿ ಇಲೆಕ್ಟ್ರಾನು ಯಾರಿಗೂ ಸೇರಿದ್ದಲ್ಲ, ಎಲ್ಲರ ನಡುವೆ ಓಡಾಡಿಕೊಂಡಿರುತ್ತದೆ ಎಂದಾಗ ಅಮ್ಮ ಉದಾಹರಣೆಗೆ ಕಾಯಲೇ ಇಲ್ಲ. "ನಮ್ಮ ಕುಲಶೇಖರದ ಹಳೇ ಮನೆಯಲ್ಲಿ ರಜೆಯ ಮಕ್ಕಳ ಹಾಗೆ" ಎಂದರು.

ಹೌದು. ನಾನು ಸಣ್ಣವನಿದ್ದಾಗ ಏಪ್ರಿಲ್ ಮೇ ತಿಂಗಳಲ್ಲಿ ಆ ಕುಟುಂಬದ ಮನೆಯಲ್ಲಿ ನಾಲ್ವರು ತಾಯಂದಿರು, ಹದಿನೇಳು ಮಕ್ಕಳು. ಯಾರ ಮಗು ಯಾರ ಕೈಯಲ್ಲಿ ಉಣ್ಣುತ್ತದೆ, ಯಾರ ಚಾಪೆಯಲ್ಲಿ ಮಲಗುತ್ತದೆ ಎಂದು ಯಾರೂ ನೋಡುತ್ತಿರಲಿಲ್ಲ. ಸಂಜೆ ದೊಡ್ಡಮ್ಮ ಹಂಡೆಯ ಬಿಸಿನೀರಿನ ಎದುರು ನಿಂತು ಕೈಗೆ ಸಿಕ್ಕಿದ ಮಗುವನ್ನು ಹಿಡಿದು ಮೀಯಿಸುವುದು. ನಾನು ಒಂದೇ ಸಂಜೆ ಮೂರು ಸಲ ಮಿಂದದ್ದುಂಟು. ದಾರಿಯಲ್ಲಿ ಹೋಗುತ್ತಿದ್ದ ಅಂಚೆಯವರ ಮಗನೂ ಒಮ್ಮೆ ಮಿಂದು, ಗಂಜಿ ಉಂಡು, ಎಣ್ಣೆ ಹಚ್ಚಿಸಿಕೊಂಡು ಮನೆಗೆ ಹೋಗಿದ್ದ. ಲೋಹವನ್ನು ಎಷ್ಟು ಬಡಿದರೂ ತಗಡಾಗುತ್ತದೆಯೇ ಹೊರತು ಉಪ್ಪಿನ ಹರಳಿನಂತೆ ಪುಡಿಯಾಗುವುದಿಲ್ಲ ಎಂದು ನಿಶ್ಮಿತಾ ಹೇಳಿದಾಗ ಆ ಮನೆಗೆ ಬಿದ್ದ ಪೆಟ್ಟುಗಳನ್ನು ನಾನೂ ಅಮ್ಮನೂ ಒಟ್ಟಿಗೆ ನೆನೆಸಿಕೊಂಡೆವು.

ಮರುದಿನ ನನ್ನ ಸ್ಕೂಟರಿನಲ್ಲಿ ಅವಳನ್ನು ಬಲ್ಮಠಕ್ಕೆ ಕರೆದುಕೊಂಡು ಹೋದೆ. ಕ್ಲಾಸಿನ ಹೊರಗಿನ ಬೆಂಚಿನಲ್ಲಿ ಕೂತರೆ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಹಿಂದಿನ ಸಾಲಿನಲ್ಲಿ ಹೆಡ್ ಮಿಸ್ಸೂ ಇನ್ನಿಬ್ಬರೂ ಕಾಗದ ಹಿಡಿದು ಕೂತಿದ್ದರು. ನಿಶ್ಮಿತಾ ಬೋರ್ಡಿನ ಮೇಲೆ ಮೊದಲು ಬರೆದದ್ದು ಒಂದು ಗೋಡೆ. ಅದಕ್ಕೊರಗಿದ ಏಣಿ ಮತ್ತು ದೋಟಿ. ಮಕ್ಕಳು ನಕ್ಕರು. ಆಮೇಲೆ ನಗು ನಿಲ್ಲಿಸಿ ಎಣಿಸತೊಡಗಿದರು. ಅವಳು ನಡುವೆ ನಿಂತು, ಹಿಂದಕ್ಕೆ ಹೋಗಿ, ಮಲಗಲು ತಯಾರಾಗಿದ್ದ ಒಬ್ಬನಿಗೆ ಪ್ರಶ್ನೆ ಕೇಳಿ ಎಬ್ಬಿಸಿದಳು. ಗಡಿಯಾರ ನೋಡಿಕೊಂಡು ಕೂತವ ನಾನೊಬ್ಬನೇ. ಹದಿನೆಂಟು ನಿಮಿಷ ಆಗಿತ್ತು, ಲೋಹದ ಪಾಠ ನಡೆಯುತ್ತಿತ್ತು.

ಆಗ ಎರಡನೇ ಬೆಂಚಿನ ಎರಡು ಜಡೆಯ ಹುಡುಗಿ ಎದ್ದಳು. "ಮಿಸ್, ಪಾದರಸವೂ ಲೋಹ ಅಲ್ವಾ? ಅದಕ್ಕೂ ಇದೇ ಬಂಧ ಅಲ್ವಾ? ಮತ್ತೆ ಅದು ಮಾತ್ರ ಯಾಕೆ ನೀರಿನ ಹಾಗೆ?"

ನಿಶ್ಮಿತಾ ಕೈಯಲ್ಲಿದ್ದ ಚಾಕ್‌ಪೀಸನ್ನು ಮೇಜಿನ ಮೇಲಿಟ್ಟಳು. ಹಿಂದಿನ ಸಾಲಿನ ಮೂರು ಪೆನ್ನುಗಳು ಕಾಗದದ ಮೇಲೆ ತಯಾರಾದವು.

"ಒಳ್ಳೆ ಪ್ರಶ್ನೆ" ಎಂದಳು. "ನನಗೆ ಅದು ಸರಿಯಾಗಿ ಗೊತ್ತಿಲ್ಲ. ಇವತ್ತು ಹೋಗಿ ಓದ್ತೇನೆ. ನಾಳೆ ಬಂದು ಹೇಳ್ತೇನೆ, ಆಯ್ತಾ?"

ಹುಡುಗಿ "ಆಯ್ತು ಮಿಸ್" ಎಂದು ಕೂತಳು. ತಾನೇನು ಹೇಳಿದೆನೆಂದು ನಿಶ್ಮಿತಾಗೆ ಹೊಳೆದದ್ದು ಆಮೇಲೆ. ಕಿವಿ ಕೆಂಪಾಗಿ ಹಿಂದಿನ ಸಾಲನ್ನು ನೋಡಿದಳು. ಹೆಡ್ ಮಿಸ್ ಪೆನ್ನಿನ ಟೊಪ್ಪಿ ಹಾಕುತ್ತಿದ್ದರು.

"ನಾಳೆ ಹೇಳ್ತೇನೆ ಅಂದ್ರಲ್ಲ" ಎಂದರು ಅವರು. "ಒಂಬತ್ತು ಗಂಟೆಗೆ ಪ್ರಾರ್ಥನೆ. ಅದಕ್ಕೆ ಮೊದಲೇ ಬನ್ನಿ."

ಆ ಸಂಜೆ ಅವಳು ಊಟದವರೆಗೂ ಪಾದರಸದ ಬಗ್ಗೆ ಓದಿದಳು. ಮಂಗಳವಾರ ಬೆಳಿಗ್ಗೆ ಎಂಟು ಗಂಟೆಯ ಬಸ್ಸಿನಲ್ಲಿ ಹೋಗಿ ಮೊದಲ ಪೀರಿಯಡ್ಡಿನಲ್ಲೇ ಅದನ್ನು ಹೇಳಿದಳು. ಕೇಳಿದ ಹುಡುಗಿ ಆ ದಿನ ರಜೆ. ಬುಧವಾರ ಇನ್ನೊಮ್ಮೆ ಹೇಳಿದಳು.